ಇನ್ನೊಬ್ಬರಿಗೆ ಗೊತ್ತಿತ್ತೇ?

1902ರ ಅಕ್ಟೋಬರ್ 16. ನ್ಯೂಯಾರ್ಕಿನ ಬಾಡಿಗೆ ಮನೆಯೊಂದರಲ್ಲಿ ಐಡಾ ಕ್ರಾಡಕ್ ಎಂಬ 45 ವರ್ಷದ ಹೆಂಗಸು ಮಣಿಕಟ್ಟು ಕೊಯ್ದುಕೊಂಡು, ಗ್ಯಾಸ್ ತೆರೆದಿಟ್ಟು ಪ್ರಾಣ ಬಿಟ್ಟಳು. ತಾಯಿಗೊಂದು, ಸಾರ್ವಜನಿಕರಿಗೊಂದು ಪತ್ರ ಬರೆದಿಟ್ಟಿದ್ದಳು. ಜೈಲು ಆಕೆಗಾಗಿ ಕಾದಿತ್ತು. ಮಾಡಿದ ತಪ್ಪು ಇಷ್ಟೆ: ಹೊಸದಾಗಿ ಮದುವೆಯಾದವರು ಹಾಸಿಗೆಯಲ್ಲಿ ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳಬೇಕು ಎಂದು ತಿಳಿಸುವ ಕಿರುಹೊತ್ತಗೆಯನ್ನು ಅಂಚೆಯಲ್ಲಿ ಕಳಿಸಿದ್ದು. 1873ರ ಕಾಮ್‌ಸ್ಟಾಕ್ ಕಾಯಿದೆಯ ಲೆಕ್ಕದಲ್ಲಿ ಅದು ಅಶ್ಲೀಲ. ಅಶ್ಲೀಲ ಹೌದೋ ಅಲ್ಲವೋ ಎಂಬುದನ್ನು ನ್ಯಾಯಾಧೀಶರೇ ತೀರ್ಮಾನಿಸಿಬಿಟ್ಟಿದ್ದರು. ಕಳಿಸಿದವಳು ಈಕೆಯೇ ಎಂಬುದಷ್ಟನ್ನು ಜ್ಯೂರಿ ಹೇಳಬೇಕಿತ್ತು. ಕೂತ ಜಾಗದಿಂದ ಏಳದೆಯೇ ಹೌದೆಂದರು.

ಕತೆ ಇಷ್ಟೇ ಆಗಿದ್ದರೆ ಕ್ರಾಡಕ್‌ಳನ್ನು ಹುತಾತ್ಮರ ಸಾಲಿಗೆ ಸೇರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆಕೆಯನ್ನು ಎಲ್ಲರೂ ಕೇಳುತ್ತಿದ್ದ ಒಂದು ಪ್ರಶ್ನೆಯಿತ್ತು: ಮದುವೆಯೇ ಆಗದ ನಿನಗೆ ಇದೆಲ್ಲ ಹೇಗೆ ಗೊತ್ತು? ಗಂಡನಿದ್ದಾನೆ, ಆದರೆ ಈ ಲೋಕದವನಲ್ಲ ಎಂಬುದು ಆಕೆಯ ಉತ್ತರ. ಸೋಫ್ ಎಂಬ ಹೆಸರಿನ ಅಶರೀರಿ ಗಂಡ ರಾತ್ರಿ ಬರುತ್ತಾನೆ, ಪಾಠ ಹೇಳುತ್ತಾನೆ. ಚೆನ್ನಮಲ್ಲಿಕಾರ್ಜುನನೇ ಗಂಡ ಎಂದ ಅಕ್ಕನನ್ನು ಓದಿ ಬೆಳೆದ ನಮಗೆ ಇದು ತೀರಾ ವಿಚಿತ್ರವೆನಿಸಲಿಕ್ಕಿಲ್ಲ. ಆದರೆ ಕ್ರಾಡಕ್‌ಳದು ಭಕ್ತಿಗಿಂತ ಹೆಚ್ಚಾಗಿ ಮೇಷ್ಟರಿಕೆ. ಆಕೆ ಶೀಘ್ರಲಿಪಿಯ ಪಠ್ಯಪುಸ್ತಕ ಬರೆದವಳು. 1882ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರು ಸೇರಿಸಿಕೊಳ್ಳಬಹುದೆಂದರೂ ಹೆಣ್ಣೆಂಬ ಕಾರಣಕ್ಕೆ ಆಡಳಿತ ಮಂಡಳಿಯಿಂದ ಬಾಗಿಲು ಹಾಕಿಸಿಕೊಂಡವಳು. ಅಶರೀರಿಯಿಂದ ಕಲಿತದ್ದನ್ನೂ ಆಕೆ ಪಾಠಪಟ್ಟಿಯ ಹಾಗೆ ಜೋಡಿಸಿ ದಂಪತಿಗಳಿಗೆ ಹಂಚಹೊರಟಳು.

ಅಶರೀರಿ ಗಂಡಂದಿರ ಬಗ್ಗೆ ಆಕೆ ಬರೆದಿಟ್ಟಿದ್ದ ಹಸ್ತಪ್ರತಿ ಸತ್ತ ಮೇಲೆ ಒಬ್ಬ ವಕೀಲನ ಕೈಸೇರಿತು. ಆತ ಅದನ್ನು ಮನೋರೋಗ ವೈದ್ಯರ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. ಹುಚ್ಚಿನ ಒಳ್ಳೆಯ ಮಾದರಿ ಎಂದು ವೈದ್ಯರು ಓದಿದರು. 1919ರಲ್ಲಿ ಅದೇ ಬರಹವನ್ನು ಮಾಂತ್ರಿಕ ಅಲಿಸ್ಟರ್ ಕ್ರೌಲಿ ತನ್ನ ಪತ್ರಿಕೆಯಲ್ಲಿ ವಿಮರ್ಶಿಸಿ, ಗುಪ್ತವಿದ್ಯೆಯಲ್ಲಿ ಇಂಥ ಬರಹ ಅಪರೂಪ ಎಂದು ಹೊಗಳಿದ. ಹಾಳೆ ಅವೇ, ಅಕ್ಷರ ಅವೇ. ಒಬ್ಬರಿಗೆ ರೋಗ, ಇನ್ನೊಬ್ಬರಿಗೆ ರಹಸ್ಯ.

ಪಶ್ಚಿಮದ ಲೈಂಗಿಕ ಮಾಂತ್ರಿಕತೆಯ ಸುಮಾರು ನೂರೈವತ್ತು ವರ್ಷದ ಚರಿತ್ರೆಯನ್ನು ಓದುವವರು ಬೇಗನೆ ಈ ಎರಡು ಪಂಗಡಗಳಲ್ಲಿ ಒಂದನ್ನು ಸೇರಿಬಿಡುತ್ತಾರೆ. ಕೂಡುವ ಹೊತ್ತಿನ ಸುಖದ ತುದಿಯಲ್ಲಿ ಮನಸ್ಸು ಪೂರಾ ಒಂದೇ ಕಡೆ ನಿಂತಿರುತ್ತದೆ, ಆ ಗಳಿಗೆಯಲ್ಲಿ ಬಿತ್ತಿದ ಸಂಕಲ್ಪ ಫಲ ಕೊಡುತ್ತದೆ ಎಂಬ ನಂಬಿಕೆ ಈ ವಿದ್ಯೆಯ ಬೀಜ. ಫಲ ಕೊಡುತ್ತದೆಯೇ ಎಂದು ವಾದಿಸುತ್ತ ಕೂತರೆ ಮುಗಿಯುವುದಿಲ್ಲ. ನಾನು ಆ ಪ್ರಶ್ನೆಯನ್ನು ಬದಿಗಿಟ್ಟು ಇನ್ನೊಂದನ್ನು ಹಿಡಿದುಕೊಂಡೆ. ಹಾಸಿಗೆಯಲ್ಲಿದ್ದವರು ಇಬ್ಬರು. ಅಲ್ಲಿ ಮಂತ್ರವೊಂದು ನಡೆಯುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತೇ?

ಮೊದಲ ಮೇಷ್ಟರಾದ ಪ್ಯಾಸ್ಕಲ್ ಬೆವರ್ಲಿ ರ‍್ಯಾಂಡಾಲ್ಫ್‌ನ ಮಟ್ಟಿಗೆ ಉತ್ತರ ಹೌದು. ಹೌದೆಂಬುದೇ ಆತನ ವಿದ್ಯೆಯ ಷರತ್ತು. 1825ರಲ್ಲಿ ಹುಟ್ಟಿದ ಈತ ಕಪ್ಪು ಬಿಳಿ ಎರಡೂ ರಕ್ತದವನು. ನ್ಯೂಯಾರ್ಕಿನ ಕಡುಬಡವರ ಕೇರಿಯಲ್ಲಿ ಅನಾಥನಾಗಿ ಬೆಳೆದು, ಹುಡುಗನಾಗಿದ್ದಾಗಲೇ ಹಡಗು ಹತ್ತಿ, ಕ್ಷೌರ ಮಾಡಿ ಹೊಟ್ಟೆ ಹೊರೆದು, ಮೈಮೇಲೆ ಆತ್ಮ ಬರಿಸಿಕೊಂಡು ಭಾಷಣ ಮಾಡುವವನಾಗಿ ಹೆಸರಾದ. ಯುರೋಪು, ಈಜಿಪ್ಟು ಸುತ್ತಿ ಬಂದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲೂಸಿಯಾನದಲ್ಲಿ ಬಿಡುಗಡೆಯಾದ ಗುಲಾಮರಿಗೆ ಅಕ್ಷರ ಕಲಿಸಿದ. 1874ರಲ್ಲಿ ಬಂದ ಆತನ 'ಯೂಲಿಸ್' ಪುಸ್ತಕ ಈ ವಿದ್ಯೆಯ ಆಧುನಿಕ ಚರಿತ್ರೆಯ ಮೊದಲ ಮೈಲಿಗಲ್ಲು. ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ ಸುಖದ ತುದಿ ಮುಟ್ಟಬೇಕು, ಇಬ್ಬರ ಸಂಕಲ್ಪವೂ ಒಂದಾಗಿರಬೇಕು, ಇಬ್ಬರ ನಡುವೆ ಪ್ರೀತಿ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಮಂತ್ರ ಕೆಡುತ್ತದೆ, ತಿರುಗಿ ಹೊಡೆಯಲೂಬಹುದು. ಹೆಣ್ಣಿಗೆ ಸುಖವೇ ಬೇಕಿಲ್ಲ ಎಂದು ಮಾನ್ಯ ವೈದ್ಯರೇ ಬರೆಯುತ್ತಿದ್ದ ಕಾಲ ಅದು. ಆಕೆಯ ಸುಖವಿಲ್ಲದೆ ಕೆಲಸವೇ ಕೈಗೂಡದು ಎಂದು ಈತ ಹೇಳುತ್ತಿದ್ದಾನೆ. ಗಂಡಂದಿರ ಅಜ್ಞಾನ ಮತ್ತು ಅವಸರವೇ ಅರ್ಧ ಸಂಸಾರಗಳ ದುಃಖಕ್ಕೆ ಕಾರಣ ಎಂದು ಗದರುತ್ತಾನೆ. ನೀತಿಪಾಠದಲ್ಲಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮಂತ್ರದ ವಿಧಿಯಲ್ಲಿ ಸೇರಿಸಿದ್ದರಿಂದ, ಫಲದ ಆಸೆಗಾದರೂ ಗಂಡ ಹೆಂಡತಿಯ ಮುಖ ನೋಡಬೇಕಾಯಿತು.

ಈ ವಿದ್ಯೆಯ ಪರವಾಗಿ ಮಾತಾಡುವವರಿಗೆ ರ‍್ಯಾಂಡಾಲ್ಫ್‌ನಷ್ಟು ಒಳ್ಳೆಯ ಸಾಕ್ಷಿ ಇನ್ನೊಬ್ಬನಿಲ್ಲ. ವಿರೋಧಿಗಳಿಗೂ ಈತನಿಂದ ನಷ್ಟವೇನಿಲ್ಲ. ಪೂರ್ವದ ಗುರುಗಳಿಂದ, ಸಿರಿಯಾದ ಗುಪ್ತ ಪಂಗಡದಿಂದ ಕಲಿತೆ ಎಂದು ಹೇಳಿಕೊಂಡವನು, ತಾನು ರೋಸಿಕ್ರೂಸಿಯನ್ ವಿದ್ಯೆಯೆಂದು ಕೊಟ್ಟದ್ದರಲ್ಲಿ ಹೆಚ್ಚಿನದು ತನ್ನ ಅಂತರಂಗದಲ್ಲೇ ಹುಟ್ಟಿದ್ದು ಎಂದು ತಾನೇ ಬರೆದ. 'ಪ್ರೋಟೋಜೋನ್' ಎಂಬ ಶಕ್ತಿವರ್ಧಕ ಔಷಧಿ ಮಾರಿದ. ಮಾಯಾಕನ್ನಡಿಗಳನ್ನೂ ಮಾರಿದ. ಗಂಡಹೆಂಡಿರ ಸಾಮರಸ್ಯ ಬೋಧಿಸಿದವನ ಸ್ವಂತ ಸಂಸಾರ ಸಂಶಯದಲ್ಲಿ ಬೆಂದಿತು. 1872ರಲ್ಲಿ ಬಾಸ್ಟನ್ನಿನಲ್ಲಿ ಅಶ್ಲೀಲ ಸಾಹಿತ್ಯದ ಆರೋಪದ ಮೇಲೆ ಪೊಲೀಸರು ಹಿಡಿದರು. ಬಿಡುಗಡೆಯಾಗಿ ಬಂದರೆ, ಅದೇ ವರ್ಷದ ಊರಬೆಂಕಿಯಲ್ಲಿ ಪುಸ್ತಕದ ದಾಸ್ತಾನು ಸುಟ್ಟುಹೋಯಿತು. 1875ರ ಜುಲೈಯಲ್ಲಿ ಓಹಾಯೋದ ಟೊಲೀಡೋ ಊರಲ್ಲಿ ಗುಂಡೇಟಿನಿಂದ ಸತ್ತ. ಆತ್ಮಹತ್ಯೆ ಎಂದು ದಾಖಲಾಯಿತು. ಹಿಂದೆ ಉಳಿದದ್ದು ಎಳೆಯ ಹೆಂಡತಿ ಮತ್ತು ಕೈಗೂಸು. ಕೂಸಿನ ಹೆಸರು ಓಸಿರಿಸ್ ಬುದ್ಧ. ಆ ಹೆಸರು ಹೊತ್ತ ಮಗು ಮುಂದೆ ವೈದ್ಯನಾಯಿತು.

ಆ 1875 ಒಂದು ವಿಚಿತ್ರ ವರ್ಷ. ರ‍್ಯಾಂಡಾಲ್ಫ್ ಸತ್ತ ಮೂರೇ ತಿಂಗಳಿಗೆ ಇಂಗ್ಲೆಂಡಿನಲ್ಲಿ ಕ್ರೌಲಿ ಹುಟ್ಟಿದ. ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬ್ಲಾವಟ್‌ಸ್ಕಿ ಮತ್ತು ಆಲ್ಕಾಟ್ ಥಿಯೊಸಾಫಿಕಲ್ ಸೊಸೈಟಿ ಕಟ್ಟಿದರು. ಮುಂದೆ ಅಡ್ಯಾರಿಗೆ ಬಂದು, ಅನಿ ಬೆಸೆಂಟರ ಮೂಲಕ ನಮ್ಮ ಅಜ್ಜಂದಿರ ಕಾಲದ ಎಷ್ಟೋ ಓದುಬರಹದ ಮನೆಗಳನ್ನು ಹೊಕ್ಕ ಸಂಸ್ಥೆ ಅದೇ. ಕಾಮವನ್ನು ಮಂತ್ರಕ್ಕೆ ಬಳಸುವುದೆಂದರೆ ಬ್ಲಾವಟ್‌ಸ್ಕಿಗೆ ಆಗದು. ಅದು ಕತ್ತಲ ವಿದ್ಯೆ, 'ಎಡಗೈ ಮಾರ್ಗ' ಎಂದಳು. ಆ ಮಾತು ನಮ್ಮ 'ವಾಮಾಚಾರ'ದಿಂದ ಬಂದದ್ದು. ನಮ್ಮಲ್ಲಿ ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು, ಕುಂಕುಮ, ಮೊಳೆ ಹೊಡೆದ ಗೊಂಬೆ ಕಂಡರೆ ಟಿವಿಯವರು ವಾಮಾಚಾರ ಎಂದು ಸಂಜೆತನಕ ಕೂಗುತ್ತಾರೆ. ಕೌಲ ತಂತ್ರದ ಒಂದು ಶಿಸ್ತಿಗಿದ್ದ ಹೆಸರು ಇಲ್ಲಿ ಮಾಟವಾಯಿತು, ಅಲ್ಲಿ ಪಾಪವಾಯಿತು. ನೂರು ವರ್ಷ ಕಳೆದ ಮೇಲೆ ಅಲ್ಲಿಯೇ ಕೆಲವರು ಅದನ್ನು ಬಿರುದಿನಂತೆ ಎದೆಗೆ ಅಂಟಿಸಿಕೊಂಡರು.

ತಂತ್ರದ ಮಾತು ಬಂದದ್ದರಿಂದ ಒಂದು ಗೊಂದಲವನ್ನು ಇಲ್ಲೇ ಬಿಡಿಸುವುದು ಮೇಲು. ಪಶ್ಚಿಮದ ಈ ವಿದ್ಯೆ ನಮ್ಮಿಂದ ಹೋದದ್ದು ಎಂಬ ಹೆಮ್ಮೆಯೂ, ನಮ್ಮದನ್ನು ಕೆಡಿಸಿದರು ಎಂಬ ದೂರೂ ಒಟ್ಟೊಟ್ಟಿಗೆ ಕೇಳಿಬರುತ್ತವೆ. ಎರಡಕ್ಕೂ ಆಧಾರ ತೆಳು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರಾಫ್ 'ಮಹಾನಿರ್ವಾಣ ತಂತ್ರ'ವನ್ನು ಇಂಗ್ಲಿಷಿಗೆ ತಂದದ್ದು 1913ರಲ್ಲಿ. ಅಷ್ಟು ಹೊತ್ತಿಗೆ ರ‍್ಯಾಂಡಾಲ್ಫ್ ಸತ್ತು 38 ವರ್ಷ. ಡೇವಿಡ್ ಗಾರ್ಡನ್ ವೈಟ್ 2003ರ ತಮ್ಮ ಪುಸ್ತಕದಲ್ಲಿ ತೋರಿಸುವ ಹಾಗೆ, ಹಳೆಯ ಕೌಲರಿಗೆ ಮುಖ್ಯವಾಗಿದ್ದದ್ದು ದೇಹದ್ರವ್ಯ. ಅದೇ ಯೋಗಿನಿಯರಿಗೆ ನೈವೇದ್ಯ, ಅದೇ ಕುಲದ ಪ್ರಸಾದ. ಸುಖವನ್ನು ಎಳೆದು ಹಿಗ್ಗಿಸುವುದು ಅವರ ಗುರಿಯಾಗಿರಲಿಲ್ಲ. ಇಂದು ವಾರಾಂತ್ಯದ ಶಿಬಿರಗಳಲ್ಲಿ ತಂತ್ರವೆಂದು ಮಾರಾಟವಾಗುವ ಸರಕಿಗೆ ರ‍್ಯಾಂಡಾಲ್ಫ್, ಕ್ರಾಡಕ್ ಮೊದಲಾದ ಅಮೆರಿಕನ್ನರೇ ಹೆಚ್ಚು ಹತ್ತಿರದ ಪೂರ್ವಿಕರು. ಕ್ರಾಡಕ್ 'ಶಿವಸಂಹಿತೆ'ಯ ಅನುವಾದ ನೋಡಿದ್ದಳು, ತನ್ನನ್ನು 'ಯೋಗದ ಚರ್ಚಿನ' ಪಾದ್ರಿ ಎಂದು ಕರೆದುಕೊಂಡಳು, ನಿಜ. ಹೆಸರು ನಮ್ಮದು, ಹಿಟ್ಟು ಅವರದೇ.

ಆ ಹಿಟ್ಟಿಗೆ ಜರ್ಮನಿ ಆಸ್ಟ್ರಿಯಾಗಳಲ್ಲಿ ಹುಳಿ ಬಂತು. ಕಾರ್ಲ್ ಕೆಲ್ನರ್ ಒಬ್ಬ ರಸಾಯನ ತಜ್ಞ ಉದ್ಯಮಿ. ಕಾಸ್ಟಿಕ್ ಸೋಡಾ ತಯಾರಿಕೆಯ ಕಾಸ್ಟ್‌ನರ್-ಕೆಲ್ನರ್ ವಿಧಾನದಲ್ಲಿ ಇವನ ಹೆಸರಿದೆ. ಇಬ್ಬರು ಹಿಂದೂಗಳು, ಒಬ್ಬ ಅರಬ ತನಗೆ ಗುರುಗಳು ಎನ್ನುತ್ತಿದ್ದ. ಜೊತೆಗಾರ ಥಿಯೊಡೋರ್ ರಾಯ್ಸ್ ಸಂಗೀತ ನಾಟಕದ ಗಾಯಕ. ಲಂಡನ್ನಿನ ಸಮಾಜವಾದಿಗಳ ಸಂಘ ಇವನನ್ನು ಪೊಲೀಸರ ಗೂಢಚಾರನೆಂದು ಹೊರಹಾಕಿತ್ತು. ಇವರ ಬಳಗದಿಂದ ಮೂಡಿದ ಓರ್ಡೋ ಟೆಂಪ್ಲಿ ಓರಿಯೆಂಟಿಸ್ ಎಂಬ ಗುಪ್ತಸಂಘ, ಫ್ರೀಮೇಸನ್ನರ ಎಲ್ಲ ರಹಸ್ಯಗಳ ಬೀಗದ ಕೈ ಲೈಂಗಿಕ ಮಾಂತ್ರಿಕತೆಯೇ ಎಂದು 1912ರಲ್ಲಿ ತನ್ನ ಪತ್ರಿಕೆಯಲ್ಲೇ ಸಾರಿತು. ರಹಸ್ಯವನ್ನು ಜಾಹೀರಾತು ಮಾಡುವ ಗುಪ್ತಸಂಘ! ಅದೇ ವರ್ಷ ರಾಯ್ಸ್ ತನ್ನ ಮನೆಗೆ ಬಂದು, ಸಂಘದ ಒಂಬತ್ತನೆಯ ದರ್ಜೆಯ ರಹಸ್ಯವನ್ನು ನೀನು ಪುಸ್ತಕದಲ್ಲಿ ಅಚ್ಚು ಹಾಕಿದ್ದೀಯೆ ಎಂದು ಜಗಳ ತೆಗೆದ ಎಂದು ಕ್ರೌಲಿ ಹೇಳುತ್ತಾನೆ. ಆ ಪುಸ್ತಕದ ಮುಖಪುಟದಲ್ಲಿರುವ ವರ್ಷ 1913. ಕ್ರೌಲಿಯ ಕತೆಗಳೆಲ್ಲ ಹೀಗೆಯೇ, ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ. ಜಗಳ ಮುಗಿಯುವ ಹೊತ್ತಿಗೆ ಅವನು ಸಂಘದ ಬ್ರಿಟಿಷ್ ಶಾಖೆಯ ಮುಖ್ಯಸ್ಥನಾಗಿದ್ದ.

ಕ್ರೌಲಿಯ ಬಗ್ಗೆ ತಣ್ಣಗೆ ಬರೆಯುವುದು ಕಷ್ಟ. ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಮನೆಯಲ್ಲಿ ಹುಟ್ಟಿ, ತಂದೆಯ ಆಸ್ತಿಯನ್ನೆಲ್ಲ ಊದಿ, ಕವಿತೆ, ಪರ್ವತಾರೋಹಣ, ಚದುರಂಗ, ಹೆರಾಯಿನ್ ಎಲ್ಲದರಲ್ಲೂ ಅತಿಗೆ ಹೋದ ಮನುಷ್ಯ. 'ಲೋಕದ ಅತಿ ದುಷ್ಟ' ಎಂದು ಪತ್ರಿಕೆಯೊಂದು ತಲೆಬರಹ ಕೊಟ್ಟಿತು. ಅವನಿಗೆ ಅದರಿಂದ ಬೇಸರಕ್ಕಿಂತ ಖುಷಿಯೇ ಹೆಚ್ಚಾದಂತೆ ಕಾಣುತ್ತದೆ.

ಪರವಾದ ಸಾಕ್ಷ್ಯ ಮೊದಲು. ಅವನು ಬರೆದಿಟ್ಟ. 1914ರಿಂದ ಕೆಲವು ವರ್ಷ ಪ್ರತಿ ಕ್ರಿಯೆಗೂ ದಿನಾಂಕ, ಜೊತೆಗಿದ್ದವರ ಹೆಸರು, ಉದ್ದೇಶ, ಹೇಗೆ ನಡೆಯಿತು, ಏನು ಫಲ ಬಂತು ಎಂದು ಅಂಗಡಿ ಲೆಕ್ಕದ ಹಾಗೆ ದಿನಚರಿ ಇಟ್ಟ. ಗುಪ್ತವಿದ್ಯೆಯ ಲೋಕದಲ್ಲಿ ತನ್ನ ಸೋಲನ್ನೂ ಬರೆದಿಡುವವರು ಅಪರೂಪ. ಗಂಡು ಗಂಡಿನ ಕೂಟವನ್ನು ಇಂಗ್ಲೆಂಡಿನ ಕಾನೂನು 1967ರ ತನಕ ಅಪರಾಧವೆಂದಿತ್ತು. ಆಸ್ಕರ್ ವೈಲ್ಡ್ ಜೈಲಿಗೆ ಹೋದಾಗ ಕ್ರೌಲಿಗೆ ಹತ್ತೊಂಬತ್ತು. ಅಂಥ ದೇಶದವನು 1914ರಲ್ಲಿ ಪ್ಯಾರಿಸ್ಸಿಗೆ ಹೋಗಿ, ಕವಿ ವಿಕ್ಟರ್ ನ್ಯೂಬರ್ಗ್ ಜೊತೆ ವಾರಗಟ್ಟಲೆ ಅದೇ ಕೂಟವನ್ನು ದೇವತಾರಾಧನೆಯ ಕ್ರಿಯೆಯಾಗಿಸಿ ದಾಖಲಿಸಿದ. ಪಾಪವೆಂದು ಕಲಿಸಿದ್ದನ್ನು ಪೂಜೆಯಾಗಿಸಿದ್ದರಿಂದ ಬದುಕುವ ದಾರಿ ಕಂಡುಕೊಂಡವರು ಆಮೇಲೆ ಹಲವರು. ಅವರಿಗೆ ಕ್ರೌಲಿ ಋಷಿಯಾಗಿ ಕಂಡರೆ ತಪ್ಪೆನ್ನಲಾರೆ. ಅವನ ಸಂಘದಲ್ಲಿ ಹೆಂಗಸರಿಗೆ ಎಲ್ಲ ದರ್ಜೆಯೂ ತೆರೆದಿತ್ತು. ಲಂಡನ್ನಿನ ಫ್ರೀಮೇಸನ್ನರ ಮುಖ್ಯ ಲಾಡ್ಜಿನಲ್ಲಿ ಅದು ಇಂದಿಗೂ ಇಲ್ಲ.

ಇನ್ನು ಎದುರಿನ ತಟ್ಟೆ. ಆ ಲೆಕ್ಕದ ಪುಸ್ತಕದಲ್ಲಿ ಮತ್ತೆಮತ್ತೆ ಬರುವ ಒಂದು ಉದ್ದೇಶ ದುಡ್ಡು. ದುಡ್ಡು ಬಂದದ್ದು ಎಷ್ಟೆಂದರೆ, 1935ರಲ್ಲಿ ಆತ ದಿವಾಳಿ ಎಂದು ಲಂಡನ್ನಿನಲ್ಲಿ ಘೋಷಣೆಯಾಯಿತು. ಇದು ತಮಾಷೆಯ ಮಾತು, ಬಿಡಿ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಒಂಬತ್ತನೆಯ ದರ್ಜೆಯವರಿಗೆಂದು ಬರೆದ ಸೂಚನೆಯಲ್ಲಿ ಕ್ರೌಲಿ ನಮ್ಮ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾನೆ: ಇಬ್ಬರೂ ದೀಕ್ಷಿತರಾಗಿರಬೇಕೇ? ಒಬ್ಬರಾದರೆ ಸಾಕು ಎಂಬುದು ರಾಯ್ಸ್‌ನ ಮತ. ಕ್ರೌಲಿ ಒಂದು ಹೆಜ್ಜೆ ಮುಂದೆ ಹೋಗಿ, ನಡೆಯುತ್ತಿರುವ ಕೆಲಸ ಪವಿತ್ರವಾದದ್ದೆಂದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದೇ ಸುಲಭ, ಮೇಲು ಎನ್ನುತ್ತಾನೆ. ದಿನಚರಿಯಲ್ಲಿ ಬೀದಿಯಿಂದ ಕರೆತಂದ ಹೆಂಗಸರ ಹೆಸರುಗಳು ಬರುತ್ತವೆ. ತಾವು ಯಾವುದೋ ಯಜ್ಞದ ಸಮಿತ್ತಾಗಿದ್ದೇವೆ ಎಂಬುದು ಅವರಿಗೆ ಎಲ್ಲಿಂದ ಗೊತ್ತಾಗಬೇಕು?

ರ‍್ಯಾಂಡಾಲ್ಫ್‌ನಿಂದ ಇಲ್ಲಿಗೆ ನಲವತ್ತೇ ವರ್ಷ. ಅಲ್ಲಿ ಹೆಣ್ಣಿನ ಮನಸ್ಸು ಕೂಡದಿದ್ದರೆ ಮಂತ್ರವೇ ಇಲ್ಲ. ಇಲ್ಲಿ ಆಕೆಯ ಮನಸ್ಸು ಎಚ್ಚರವಿದ್ದರೆ ಅಡಚಣೆ. ಪುಸ್ತಕದ ಮೇಲಿನ ಹೆಸರು ಒಂದೇ, ವಿದ್ಯೆ ತಲೆಕೆಳಗಾಗಿದೆ. ಲೈಂಗಿಕ ಮಾಂತ್ರಿಕತೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಮಡಿಕೆಯನ್ನು.

ಪರವಹಿಸುವವರು ಇದಕ್ಕೆ ಕೊಡುವ ಉತ್ತರ ಹಗುರವಾದದ್ದಲ್ಲ. ಮಾತು ಮುಚ್ಚಿಡುವುದು ಅಂದು ಪ್ರಾಣದ ಪ್ರಶ್ನೆಯಾಗಿತ್ತು ಎನ್ನುತ್ತಾರೆ. ತೆರೆದು ಹೇಳಿದ ಕ್ರಾಡಕ್ ಏನಾದಳು ನೋಡಿ. ರ‍್ಯಾಂಡಾಲ್ಫ್‌ನನ್ನು ಪೊಲೀಸರು ಹಿಡಿಯಲಿಲ್ಲವೇ? 1910ರಲ್ಲಿ ನ್ಯೂಯಾರ್ಕಿನಲ್ಲಿ ತಂತ್ರದ ಹೆಸರಲ್ಲಿ ಶಾಲೆ ನಡೆಸುತ್ತಿದ್ದ ಪಿಯರ್ ಬರ್ನಾರ್ಡ್‌ನನ್ನು ಜೈಲಿಗೆ ತಳ್ಳಲಿಲ್ಲವೇ? ಒಳಗಿನ ಚಿಲಕ ಹಾಕಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಒಪ್ಪುತ್ತೇನೆ. ಆದರೆ ಚಿಲಕ ಹೊರಗಿನವರನ್ನು ತಡೆಯುವ ಹಾಗೆ ಒಳಗಿನವರನ್ನೂ ತಡೆಯುತ್ತದೆ. ಬರ್ನಾರ್ಡ್ ಮೇಲೆ ದೂರು ಕೊಟ್ಟವರು ಅವನ ಶಾಲೆಯಲ್ಲೇ ಇದ್ದ ಇಬ್ಬರು ಎಳೆಯ ಹೆಂಗಸರು. ಕೊನೆಗೆ ಅವರು ಸಾಕ್ಷಿ ಹೇಳಲು ನಿಲ್ಲಲಿಲ್ಲ, ಮೊಕದ್ದಮೆ ಬಿದ್ದುಹೋಯಿತು. ಆರೋಪ ಸುಳ್ಳೆಂದು ಬಿದ್ದಿತೋ, ಮಾನಕ್ಕೆ ಹೆದರಿ ಬಿದ್ದಿತೋ? ಆ ಕಾಯಿದೆಗೆ ಹೆಸರಾದ ಕಾಮ್‌ಸ್ಟಾಕ್‌ನಂಥವರು ಆಳುವ ಊರಲ್ಲಿ ಹೆಣ್ಣು ಅಂಥ ಸಾಕ್ಷಿ ಹೇಳಿದರೆ ಮೊದಲು ಅವಳದೇ ಮಾನ ಹರಾಜು. ಹೀಗೆ ಕಾನೂನು ಮತ್ತು ಗುರು ಒಬ್ಬರಿಗೊಬ್ಬರು ಎದುರಾಳಿಗಳಂತೆ ಕಂಡರೂ, ಬಾಯಿ ಮುಚ್ಚಿಸುವುದರಲ್ಲಿ ಕೈಜೋಡಿಸಿಯೇ ದುಡಿದರು.

ಇದಕ್ಕಿಂತ ಚುರುಕಾದ ಒಂದು ವಾದವನ್ನು ವಿದ್ವಾಂಸ ಹ್ಯೂ ಅರ್ಬನ್ 2006ರ ಪುಸ್ತಕದಲ್ಲಿ ಮಂಡಿಸುತ್ತಾರೆ. ಫ್ರೆಂಚ್ ಚಿಂತಕ ಫೂಕೊ ಹಾಕಿಕೊಟ್ಟ ದಾರಿ ಅದು. ಈ ಮಾಂತ್ರಿಕರು ವಿಕ್ಟೋರಿಯಾ ಕಾಲದ ವಿರುದ್ಧ ಬಂಡೆದ್ದವರು ಎಂದು ತಮ್ಮನ್ನು ಕರೆದುಕೊಳ್ಳುತ್ತಾರಲ್ಲ, ವಾಸ್ತವದಲ್ಲಿ ಅವರು ಆ ಕಾಲದ ಮಕ್ಕಳೇ. ಕಾಮವೇ ಮನುಷ್ಯನ ಅತಿ ಆಳದ ಗುಟ್ಟು ಎಂದು ಮೊದಲು ನಂಬಿದ್ದು ವೈದ್ಯರು. ಹನಿ ವ್ಯರ್ಥವಾದರೆ ಆಯುಸ್ಸು ವ್ಯರ್ಥ, ಹಸ್ತಮೈಥುನದಿಂದ ಹುಚ್ಚು ಎಂದು ಹೆದರಿಸಿದವರೂ ಅವರೇ. ಮಾಂತ್ರಿಕರು ಆ ಭಯವನ್ನೇ ಮಗುಚಿ ಹಾಕಿದರು: ಹನಿಯಲ್ಲಿ ಅಷ್ಟು ಶಕ್ತಿ ಇದೆಯಾದರೆ ಅದನ್ನು ಕೆಲಸಕ್ಕೆ ಹಚ್ಚೋಣ. ನಮ್ಮ ಬಸ್‌ಸ್ಟ್ಯಾಂಡಿನ ಮೂತ್ರಿಯ ಗೋಡೆಗಳಲ್ಲಿ 'ಗುಪ್ತರೋಗ'ದ ಡಾಕ್ಟರರ ಜಾಹೀರಾತು ಓದಿದವರಿಗೆ ಈ ತರ್ಕ ತಟ್ಟನೆ ಹೊಳೆಯುತ್ತದೆ. ಗುಪ್ತರೋಗಕ್ಕೂ ಗುಪ್ತವಿದ್ಯೆಗೂ ನಡುವೆ ಒಂದೇ ಗೋಡೆ. ಕೊಲಂಬಿಯಾದ ಸಾಮಾಯೆಲ್ ಔನ್ ವೆಯೊರ್ 1950ರಲ್ಲಿ ಬರೆದ 'ದ ಪರ್ಫೆಕ್ಟ್ ಮ್ಯಾಟ್ರಿಮನಿ'ಯಲ್ಲಿ ಈ ಭಯ ಹಾಗೆಯೇ ಉಳಿದಿದೆ: ಕೂಡಬಹುದು, ಹನಿ ಮಾತ್ರ ಜಾರಬಾರದು. ಲ್ಯಾಟಿನ್ ಅಮೆರಿಕದ ಉದ್ದಗಲಕ್ಕೂ ಅವನಿಗೆ ಇಂದಿಗೂ ಅನುಯಾಯಿಗಳಿದ್ದಾರೆ.

ಅರ್ಬನ್‌ರ ವಾದ ನನಗೆ ಹಿಡಿಸುತ್ತದೆ, ಆದರೆ ಪೂರ್ತಿ ಅಲ್ಲ. ಎಲ್ಲ ಬಂಡಾಯವೂ ತಾನು ವಿರೋಧಿಸುವ ಮನೆಯ ಪಾತ್ರೆಯಲ್ಲೇ ಅಡುಗೆ ಮಾಡುತ್ತದೆ. ಅದರಿಂದ ಅಡುಗೆ ಹಳೆಯದೇ ಎಂದಾಗುವುದಿಲ್ಲ. ಕ್ರಾಡಕ್ ತನ್ನ ಕಾಲದ ಭಾಷೆಯಲ್ಲೇ, ಸಂಯಮದ ಮಾತಿನಲ್ಲೇ ಬರೆದಳು. ಆದರೂ ಮೊದಲ ರಾತ್ರಿ ಹೆಂಡತಿಗೆ ಮನಸ್ಸಿಲ್ಲದಿದ್ದರೆ ಗಂಡ ಕಾಯಬೇಕು ಎಂದು ಅದೇ ಭಾಷೆಯಲ್ಲಿ ಹೇಳಿದಳು.

ಗೊತ್ತಿಲ್ಲದ ಇನ್ನೊಬ್ಬರ ಕತೆ ಕ್ರೌಲಿಯೊಂದಿಗೆ ಮುಗಿಯಲಿಲ್ಲ. ಜ್ಯಾಕ್ ಪಾರ್ಸನ್ಸ್ ಅಮೆರಿಕದ ರಾಕೆಟ್ ವಿಜ್ಞಾನದ ಮೊದಲಿಗರಲ್ಲಿ ಒಬ್ಬ. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಕಟ್ಟಿದವರಲ್ಲಿ ಅವನೂ ಇದ್ದ. ಪಾಸಡೀನಾದಲ್ಲಿ ಕ್ರೌಲಿಯ ಸಂಘದ ಶಾಖೆಯನ್ನೂ ನಡೆಸುತ್ತಿದ್ದ. 1946ರ ಆರಂಭದಲ್ಲಿ ಅವನು, ಆಮೇಲೆ ಸೈಂಟಾಲಜಿ ಕಟ್ಟಿದ ಎಲ್. ರಾನ್ ಹಬಾರ್ಡ್ ಜೊತೆ ಸೇರಿ, ದೇವಿಯೊಬ್ಬಳನ್ನು ಭೂಮಿಗೆ ಇಳಿಸುವ ಕ್ರಿಯೆ ಹಿಡಿದ. ಅದಕ್ಕೆ ತಕ್ಕ ಹೆಣ್ಣು ಬೇಕೆಂದು ಸಂಕಲ್ಪ ಮಾಡಿ ಮುಗಿಸುವುದಕ್ಕೂ ಮಾರ್ಜರಿ ಕ್ಯಾಮರನ್ ಎಂಬ ಕೆಂಗೂದಲ ಕಲಾವಿದೆ ಮನೆಗೆ ಬರುವುದಕ್ಕೂ ಸರಿಹೋಯಿತು. ಕರೆದದ್ದಕ್ಕೆ ಬಂದಳು ಎಂದು ಅವನು ಹಿಗ್ಗಿದ. ತಾನು ಯಾವುದೋ ಮಂತ್ರದ ಉತ್ತರವಾಗಿ ಬಂದವಳು ಎಂಬುದು ಆಕೆಗೆ ಆಗ ಗೊತ್ತಿರಲಿಲ್ಲ. ಹಬಾರ್ಡ್, ಪಾರ್ಸನ್ಸ್‌ನ ಹಳೆಯ ಗೆಳತಿಯನ್ನೂ ಇಬ್ಬರೂ ಸೇರಿ ಹಾಕಿದ್ದ ಬಂಡವಾಳವನ್ನೂ ಎತ್ತಿಕೊಂಡು ದೋಣಿ ಕೊಳ್ಳಲು ಫ್ಲಾರಿಡಾಕ್ಕೆ ಹೋದ. 1952ರ ಜೂನಿನಲ್ಲಿ ಪಾರ್ಸನ್ಸ್ ಮನೆಯ ಪ್ರಯೋಗಾಲಯದ ಸ್ಫೋಟದಲ್ಲಿ ಸತ್ತ. ವಿರೋಧಿಗಳಿಗೆ ಇದು ಹೇಳಿ ಮಾಡಿಸಿದ ನೀತಿಕತೆ. ಆದರೆ ಕ್ಯಾಮರನ್ ಅವನನ್ನು ಮದುವೆಯಾದಳು, ಅವನ ನಂತರ ನಾಲ್ಕು ದಶಕ ಬದುಕಿದಳು, ಆ ದೇವಿ ತಾನೇ ಎಂಬ ನಂಬಿಕೆಯಲ್ಲಿ ಚಿತ್ರ ಬರೆದಳು. ತನಗೆ ಹೇಳದೆ ಕೊಟ್ಟ ಪಾತ್ರವನ್ನು ಗೊತ್ತಾದ ಮೇಲೆ ಆಕೆ ತನ್ನದಾಗಿಸಿಕೊಂಡಳು. ಅದು ಒಪ್ಪಿಗೆಯೋ, ಒಪ್ಪಿಗೆ ತಡವಾಗಿ ಬಂದರೂ ನಡೆಯುತ್ತದೆಯೋ, ನಾನು ಹೇಳಲಾರೆ.

ಎಚ್ಚರಿಕೆಯ ದನಿ ಒಳಗಿನಿಂದಲೂ ಬಂತು ಎಂಬುದನ್ನು ಟೀಕಾಕಾರರು ಮರೆಯುತ್ತಾರೆ. ಡಿಯಾನ್ ಫಾರ್ಚೂನ್ ಇಂಗ್ಲೆಂಡಿನ ಗುಪ್ತವಿದ್ಯೆಯ ದೊಡ್ಡ ಹೆಸರು. ಗಂಡು ಹೆಣ್ಣಿನ ನಡುವಿನ ಸೆಳೆತದಲ್ಲಿ ಮಂತ್ರಶಕ್ತಿ ಇದೆ ಎಂದು ಆಕೆಯೂ ನಂಬಿದ್ದಳು. 1929ರಲ್ಲಿ ಬರೆದ ಪುಸ್ತಕದಲ್ಲಿ, ದೀಕ್ಷೆಯ ಹೆಸರಲ್ಲಿ ನಡೆಯುವ ದುರ್ಬಳಕೆಯನ್ನು ಬಿಚ್ಚಿಟ್ಟಳು. ಆದರೆ ಅದೇ ಕೋಪದಲ್ಲಿ ಸಲಿಂಗಿಗಳನ್ನೂ ಒಟ್ಟಿಗೆ ಸೇರಿಸಿ ಬೈದಳು. 1950ರ ದಶಕದಲ್ಲಿ ವಿಕ್ಕಾ ಪಂಥವನ್ನು ಬೆಳಕಿಗೆ ತಂದ ಜೆರಾಲ್ಡ್ ಗಾರ್ಡ್ನರ್‌ನ 'ಮಹಾವಿಧಿ'ಯೂ ಕೂಟದ ವಿಧಿಯೇ. ಆದರೆ ಬಹುಪಾಲು ಕಡೆ ಅದು ಬಟ್ಟಲಿನ ದ್ರಾಕ್ಷಾರಸದಲ್ಲಿ ಚೂರಿ ಅದ್ದುವ ಸಂಕೇತವಾಗಿ ಉಳಿಯಿತು. ನಿಜವಾಗಿ ಮಾಡುವುದಿದ್ದರೆ ಮೊದಲೇ ಜೋಡಿಯಾದ ಇಬ್ಬರು, ಬೇರೆಯವರಿಲ್ಲದ ಕಡೆ. ರ‍್ಯಾಂಡಾಲ್ಫ್ ಎಲ್ಲಿ ಶುರು ಮಾಡಿದನೋ ಹೆಚ್ಚುಕಡಮೆ ಅಲ್ಲಿಗೇ ಬಂದು ಮುಟ್ಟಿದಂತಾಯಿತು.

ತಕ್ಕಡಿ ಎಲ್ಲಿ ನಿಂತಿತು ಎಂದು ಕೇಳಿದರೆ, ನನ್ನ ಕೈಯಲ್ಲಿ ಅದು ಒಂದು ಕಡೆ ತುಸು ವಾಲುತ್ತದೆ. ಹೆಣ್ಣಿನ ಸುಖ, ಸಲಿಂಗಿಯ ಗೌರವ, ದೇಹ ಕೊಳಕಲ್ಲ ಎಂಬ ಅರಿವು, ಇವೆಲ್ಲ ಮಂತ್ರವಿಲ್ಲದೆಯೂ ಬಂದವು. ವೈದ್ಯರು, ವಕೀಲರು, ಹೋರಾಟಗಾರರು ತಂದರು. ಹಾಗೆಂದು ಅವರು ಬರುವ ಮೊದಲು ಅದನ್ನು ಹೇಳಿ ಕಲ್ಲೇಟು ತಿಂದವರಲ್ಲಿ ಈ ಮಾಂತ್ರಿಕರೂ ಇದ್ದರು ಎಂಬುದನ್ನು ಅಳಿಸಲಾಗದು. ವಿದ್ಯೆಯ ಮೇಲೆ ನನಗೆ ಕೋಪವಿಲ್ಲ. ಇನ್ನೊಬ್ಬರಿಗೆ ಹೇಳಬೇಕಾಗಿಲ್ಲ ಎಂದ ಆ ಒಂದು ಸಾಲಿನ ಮೇಲಿದೆ.

ಆ ಕೋಪವನ್ನೂ ಪೂರ್ತಿ ನೆಚ್ಚಿಕೊಳ್ಳಲು ಬಿಡದವಳು ಲಿಯಾ ಹಿರ್ಸಿಗ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶಾಲೆಯ ಮೇಡಂ ಆಗಿದ್ದವಳು. ಕ್ರೌಲಿಯ 'ಸ್ಕಾರ್ಲೆಟ್ ವುಮನ್', ಅಂದರೆ ಕೆಂಬಣ್ಣದ ದೇವಿಯ ಪಟ್ಟಕ್ಕೇರಿದಳು. 1920ರಲ್ಲಿ ಅವನ ಜೊತೆ ಸಿಸಿಲಿಯ ಚೆಫಲೂಗೆ ಹೋದಳು. ಊರ ಹೊರಗಿನ ಒಂದು ಹಳೆಯ ಮನೆಯನ್ನು ಆಶ್ರಮವೆಂದು ಕರೆದರು. ಅದೇ ವರ್ಷ ಆಕೆಯ ಕೂಸು ಸತ್ತಿತು. 1921ರಲ್ಲಿ ಕ್ರೌಲಿ ತನ್ನ ಅತ್ಯುಚ್ಚ ದರ್ಜೆಯ ಪ್ರತಿಜ್ಞೆ ಮಾಡಿದ್ದು ಆಕೆಯನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡು. 1923ರಲ್ಲಿ ರೌಲ್ ಲವ್‌ಡೇ ಎಂಬ ಆಕ್ಸ್‌ಫರ್ಡ್ ಹುಡುಗ ಅಲ್ಲಿ ಸತ್ತ. ಬೆಕ್ಕಿನ ರಕ್ತ ಕುಡಿಸಿದರು ಎಂದು ಅವನ ಹೆಂಡತಿ ಲಂಡನ್ ಪತ್ರಿಕೆಗಳಿಗೆ ಹೇಳಿದಳು, ಕೆಟ್ಟ ನೀರಿನಿಂದ ಬಂದ ಕರುಳಿನ ಜ್ವರ ಎಂದರು ವೈದ್ಯರು. ಮುಸೊಲಿನಿಯ ಸರ್ಕಾರ ಕ್ರೌಲಿಯನ್ನು ದೇಶದಿಂದ ಓಡಿಸಿತು. ಮರುವರ್ಷ ಅವನು ಹೊಸ ದೇವಿಯನ್ನು ಹುಡುಕಿಕೊಂಡು ಲಿಯಾಳನ್ನು ಬಿಟ್ಟ.

ಆಕೆಯೂ ದಿನಚರಿ ಬರೆದಿದ್ದಾಳೆ. ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಆರೋಗ್ಯವಿಲ್ಲ, ಅವನ ಕಾಗದವಿಲ್ಲ. ಆದರೂ ಆ ಪುಟಗಳಲ್ಲಿ ಮೋಸಹೋದೆ ಎಂಬ ಅಳು ಸಿಗುವುದಿಲ್ಲ. ಅವನು ಬಿಟ್ಟುಹೋದರೂ ಪಟ್ಟ ತನ್ನದೇ, ಅದನ್ನು ಕೊಟ್ಟದ್ದು ಅವನಲ್ಲ ಎಂಬ ಧಾಟಿಯಲ್ಲಿ ಬರೆಯುತ್ತಾಳೆ. ಕೆಲವು ವರ್ಷಗಳ ಮೇಲೆ ಆ ಪಟ್ಟವನ್ನೂ ತಾನಾಗಿಯೇ ಕಳಚಿಟ್ಟಳು. ಕ್ರೌಲಿ 1947ರಲ್ಲಿ ಹೇಸ್ಟಿಂಗ್ಸ್‌ನ ಬಾಡಿಗೆ ಕೋಣೆಯಲ್ಲಿ ಸತ್ತ. ಲಿಯಾ ಸ್ವಿಟ್ಜರ್ಲೆಂಡಿಗೆ ಮರಳಿ, 1975ರ ತನಕ ಬದುಕಿದ್ದಳು.